ಹಿಂದಿನ ಚಕ್ರದ ಮೇಲಣ ಗಾಳಿ

ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಯಂತ್ರದ ವಿಷಯವಾಗಿ ಬರೆಯುವ ಅಧಿಕಾರ ಇವನಿಗೆಲ್ಲಿಂದ ಬಂತೆಂದು ಅಧ್ಯಾಪಕ ಮಹನೀಯರು ಕೇಳಿದರೆ ತಪ್ಪಲ್ಲ. ಅದು ಬಂದದ್ದು ನಮ್ಮ ತಂದೆಯವರ ಸೊಂಟನೋವಿನಿಂದ. ಅವರು ಕಳಸದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಬೆಳಗಿನ ಹಾಜರಿ, ಆಳುಗಳ ಲೆಕ್ಕ, ವಾರದ ಬಟವಾಡೆ, ಮೂಡಿಗೆರೆಯಿಂದ ಸಾಮಾನು ತರುವುದು, ಎಲ್ಲವೂ ಒಂದು ಹಳೆಯ ಮೋಟಾರು ಸೈಕಲ್ಲಿನ ಮೇಲೆಯೇ. ಈ ಕುಲುಕಾಟ ನಿಲ್ಲದೆ ನೋವು ನಿಲ್ಲದೆಂದು ವೈದ್ಯರು ಹೇಳಿಬಿಟ್ಟರು. ಗಾಡಿ ಬಿಟ್ಟರೆ ಕೆಲಸ ಬಿಟ್ಟಂತೆಯೇ. ಹೀಗಾಗಿ ನಾನು ಕುಲುಕಾಟದ ಅಭ್ಯಾಸಕ್ಕೆ ತೊಡಗಿದೆ.

ಹಿಂದೆ ಮೋಟಾರು ಸೈಕಲ್ಲುಗಳ ಹಿಂಬದಿ ಚಕ್ರಕ್ಕೆ ಸ್ಪ್ರಿಂಗೇ ಇರುತ್ತಿರಲಿಲ್ಲ. ಚಕ್ರವನ್ನು ಚೌಕಟ್ಟಿಗೆ ಗಟ್ಟಿಯಾಗಿ ಬಿಗಿದಿರುತ್ತಿದ್ದರು. ಸವಾರನನ್ನು ಕಾಯುತ್ತಿದ್ದುದು ಸೀಟಿನ ಕೆಳಗಿನ ಸ್ಪ್ರಿಂಗು ಮಾತ್ರ. 1949ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಬುಲೆಟ್ಟಿನಲ್ಲಿ, ಕೀಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುವ ತೋಳಿನ ತುದಿಗೆ ಚಕ್ರವನ್ನು ಕೂರಿಸಿ, ಎರಡು ಪಕ್ಕಕ್ಕೂ ಶಾಕ್ ಅಬ್ಸಾರ್ಬರುಗಳನ್ನು ನಿಲ್ಲಿಸಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಲ್ಲಿಯೂ ಇದೇ ಏರ್ಪಾಟು. ಇದರಲ್ಲಿ ಎರಡು ಕೆಲಸಗಳಿವೆ: ಸ್ಪ್ರಿಂಗು ಭಾರವನ್ನು ಹೊರುತ್ತದೆ, ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಗಾಡಿಯ ಹಿಂಭಾಗವನ್ನು ಅದುಮಿ ಬಿಟ್ಟಾಗ ಅದು ಕುಣಿಯುತ್ತಲೇ ಇದ್ದರೆ ಎಣ್ಣೆಯ ಕೆಲಸ ಕೆಟ್ಟಿದೆಯೆಂದು ತಿಳಿಯಬೇಕು. ಗಾಳಿ ತುಂಬಿದರೂ ಆ ರೋಗ ವಾಸಿಯಾಗದು.

ನಮ್ಮ ತೊಂದರೆ ಬೇರೆಯದು. ತಂದೆಯವರು ಬೆಳಿಗ್ಗೆ ಒಬ್ಬರೇ ಹೋಗುತ್ತಾರೆ, ಸಂಜೆ ಐವತ್ತು ಕಿಲೋ ಮೂಟೆಯೊಡನೆ ಬರುತ್ತಾರೆ. ಒಬ್ಬರಿಗೆ ಹಿತವಾದ ಸ್ಪ್ರಿಂಗು ಮೂಟೆಗೆ ಸೋಲುತ್ತದೆ. ಮೂಟೆಗೆ ತಕ್ಕದ್ದನ್ನು ಹಾಕಿದರೆ ಒಬ್ಬರೇ ಹೋಗುವಾಗ ಸೊಂಟ ಮುರಿಯುತ್ತದೆ. ಸ್ಪ್ರಿಂಗಿನ ಬುಡದಲ್ಲಿರುವ ಬಳೆಯನ್ನು ತಿರುಗಿಸಿದರಾಯಿತಲ್ಲ ಎನ್ನುವವರುಂಟು. ಅದರಿಂದ ಗಾಡಿಯ ಹಿಂಭಾಗ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗು ಗಡುಸಾಗುವುದಿಲ್ಲ. ರೊಬಸ್ಟಾ ಕೊಯ್ಲಿನ ಕಾಲದ ಒಂದು ಸಂಜೆ, ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆಯ ತಿರುವೊಂದರಲ್ಲಿ, ಅಕ್ಕಿಮೂಟೆಯ ಭಾರಕ್ಕೆ ಹಿಂಭಾಗ ಪೂರ್ತಿ ಕುಸಿದು ಮುಂದಿನ ಚಕ್ರ ಹಗುರವಾಯಿತು. ಹ್ಯಾಂಡಲ್ಲು ಮಾತು ಕೇಳಲಿಲ್ಲ. ಗಾಡಿ ಚರಂಡಿಗಿಳಿಯಿತು. ದೇವರ ದಯದಿಂದ ಮೂಳೆ ಮುರಿಯಲಿಲ್ಲ. ಅಕ್ಕಿ ಮಾತ್ರ ರಸ್ತೆಯ ಪಾಲಾಯಿತು.

ಆಮೇಲೆ ನಾನು ಗಾಳಿಯ ಶಾಕುಗಳ ಪ್ರಸ್ತಾಪವೆತ್ತಿದೆ. ತಂದೆಯವರು ನಕ್ಕರು. "ಎಂತದು ಮಾರಾಯ, ಟೈರಿಗೆ ಗಾಳಿ ಹಾಕಿದ್ದು ಸಾಲದೂಂತ ಶಾಕಿಗೂ ಗಾಳಿಯಾ?"

ಮಾತಿನಲ್ಲಿ ಹುರುಳಿತ್ತು. 1888ರಲ್ಲಿ ಡನ್ಲಪ್ ಮಾಡಿದ ಗಾಳಿಯ ಟೈರೂ ಒಂದು ಸ್ಪ್ರಿಂಗೇ. ಬೆಂಗಳೂರಿನ ರಸ್ತೆಗಳಲ್ಲಿ ಓಡುವ ವೋಲ್ವೊ ಬಸ್ಸುಗಳು ಕೂಡ ಉಕ್ಕಿನ ಪಟ್ಟಿಗಳ ಬದಲು ಗಾಳಿಚೀಲಗಳ ಮೇಲೆ ಕುಳಿತಿರುತ್ತವೆ. ಗಾಳಿಯ ಗುಣವನ್ನು ಬಾಯ್ಲ್ ಎಂಬಾತ 1662ರಲ್ಲಿಯೇ ಹೇಳಿದ್ದಾನೆ: ಉಷ್ಣತೆ ಬದಲಾಗದಿದ್ದರೆ ಗಾತ್ರ ಅರ್ಧವಾದಾಗ ಒತ್ತಡ ಇಮ್ಮಡಿ. ಹತ್ತು ಸೆಂಟಿಮೀಟರ್ ಉದ್ದದ ಗಾಳಿಯ ಕಂಬವನ್ನು ಎರಡೂವರೆಯಷ್ಟು ಅದುಮಿದರೆ ಒತ್ತಡ ಮೂರನೆಯ ಒಂದು ಪಾಲು ಏರುತ್ತದೆ. ಇನ್ನೆರಡೂವರೆ ಅದುಮಿದರೆ ಮೊದಲಿನ ಎರಡರಷ್ಟು, ಮತ್ತೆರಡೂವರೆಗೆ ನಾಲ್ಕರಷ್ಟು! ಸಾಮಾನ್ಯ ಸ್ಪ್ರಿಂಗಿಗೆ ಈ ವರಸೆ ತಿಳಿಯದು. ಅದು ಪ್ರತಿ ಅಂಗುಲಕ್ಕೂ ಒಂದೇ ಕೂಲಿ ಕೇಳುತ್ತದೆ. ಗಾಳಿ ಸಣ್ಣ ಕಲ್ಲಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಗಡುಸು. ಅಲ್ಲದೆ ಪಂಪಿನಿಂದ ನಾಲ್ಕು ಬಾರಿ ಒತ್ತಿದರೆ ಅದೇ ಶಾಕು ಮೂಟೆಗೂ ಒಗ್ಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪಕ್ಕದಲ್ಲಿ ಸಣ್ಣ ಡಬ್ಬಿಯಿರುವ 'ಗ್ಯಾಸ್ ಶಾಕು'ಗಳೂ ಇವೇ ಎಂದು ಗ್ಯಾರೇಜಿನ ಹುಡುಗರು ಹೇಳುವುದುಂಟು. ಹಾಗಲ್ಲ. ಅಲ್ಲಿ ತುಂಬಿರುವ ನೈಟ್ರೋಜನ್ ಎಣ್ಣೆ ನೊರೆಗಟ್ಟದಂತೆ ತಡೆಯುತ್ತದೆ; ಭಾರ ಹೊರುವುದು ಉಕ್ಕಿನ ಸ್ಪ್ರಿಂಗೇ.

ನನ್ನ ವಿದ್ಯಾರ್ಥಿವೇತನ ಕರಗಿತು. ಆ ವರ್ಷ ಪಠ್ಯಪುಸ್ತಕಗಳನ್ನೆಲ್ಲ ಗ್ರಂಥಾಲಯದಿಂದಲೇ ತಂದು ಓದಿದೆ. ಗಾಳಿಯೊಡನೆ ತೆಳು ಸ್ಪ್ರಿಂಗೂ ಇರುವ ಜೋಡಿಯನ್ನೇ ಆರಿಸಿದೆ. ಬರಿಯ ಗಾಳಿಯದಾದರೆ ಸೀಲು ಹೋದ ದಿನ ಗಾಡಿ ನಡುದಾರಿಯಲ್ಲಿ ಕುಕ್ಕರಿಸೀತು. ಎರಡು ಕಣ್ಣುಗಳ ನಡುವಣ ಉದ್ದ ಹಳೆಯದಕ್ಕೆ ಸರಿಹೊಂದಬೇಕು, ಇಲ್ಲವಾದರೆ ಚೈನಿನ ಬಿಗಿಯೂ ಗಾಡಿಯ ನಿಲುವೂ ಕೆಡುತ್ತವೆ. ಎರಡು ಶಾಕುಗಳನ್ನೂ ಒಂದು ಸಣ್ಣ ಕೊಳವೆಯಿಂದ ಕೂಡಿಸಿದ್ದರಿಂದ ಒತ್ತಡ ಸಮನಾಯಿತು. ಬಳಿಕ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಗುರುತಿನವರೆಗೆ ಅಳೆದೆ. ಸ್ಟ್ಯಾಂಡು ತೆಗೆದು ತಂದೆಯವರನ್ನು ಕೂರಿಸಿ ಮತ್ತೆ ಅಳೆದೆ. ಚಕ್ರದ ಒಟ್ಟು ಓಡಾಟ ಎಂಟು ಸೆಂಟಿಮೀಟರ್; ಅದರ ಕಾಲಿನಿಂದ ಮೂರನೆಯ ಒಂದು ಪಾಲಿನಷ್ಟು, ಅಂದರೆ ಎರಡೂವರೆಯಷ್ಟು, ಕುಸಿದರೆ ಸರಿ. ಮೂಟೆಯೇರಿಸಿದಾಗ ನಾಲ್ಕಕ್ಕಿಳಿಯಿತು. ಪಂಪು ಮಾಡಿ ಮತ್ತೆ ಎರಡೂವರೆಗೆ ತಂದೆವು. ಪೆಟ್ರೋಲ್ ಬಂಕಿನ ಟೈರು ಪಂಪನ್ನು ಮುಟ್ಟಿಸಕೂಡದು. ಒಳಗಿನ ಗಾಳಿಯ ಜಾಗ ಬಹಳ ಚಿಕ್ಕದು. ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಡ ಮಿತಿ ಮೀರುತ್ತದೆ. ಕೈಪಂಪೇ ಕ್ಷೇಮ.

ಒತ್ತಡವನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡಬೇಕು. ಕೆಟ್ಟ ದಾರಿಯಲ್ಲಿ ಶಾಕು ಬಿಸಿಯೇರಿ ಒಳಗಿನ ಗಾಳಿ 27 ಡಿಗ್ರಿಯಿಂದ 57ಕ್ಕೆ ಹೋದರೆ ಅದರ ಪೂರ್ಣ ಒತ್ತಡ ಹತ್ತನೆಯ ಒಂದು ಪಾಲು ಹೆಚ್ಚುತ್ತದೆ. ನಮ್ಮ ಮಳೆಗಾಲದ ಕೆಸರಂತೂ ಸೀಲಿಗೆ ಪರಮಶತ್ರು. ಜುಲೈ ತಿಂಗಳಲ್ಲಿ ಒಮ್ಮೆ ಗಾಳಿಯೆಲ್ಲ ಸೋರಿಹೋಗಿ, ತಂದೆಯವರು ತೆಳು ಸ್ಪ್ರಿಂಗಿನ ಮೇಲೆಯೇ ಮೆಲ್ಲಗೆ ಮನೆ ಸೇರಿದರು. ಸೀಲು ಬದಲಾಯಿಸಿದ್ದಾಯಿತು. ಅಂದಿನಿಂದ ಪ್ರತಿ ಸಂಜೆ ಬಟ್ಟೆಯಿಂದ ಶಾಕಿನ ದಂಡವನ್ನು ಒರೆಸುವುದು ತಂಗಿಯ ಕೆಲಸ.

ಸೊಂಟನೋವು ಹೋಯಿತೆಂದು ಹೇಳಲಾರೆ. ಮಲಗುವ ಮುನ್ನ ಬಿಸಿನೀರಿನ ಶಾಖ ಕೊಡುವುದು ದಿನನಿತ್ಯದ್ದಾಗಿತ್ತು. ಈಗ ವಾರಕ್ಕೆರಡು ಸಲ. ಮೊನ್ನೆ ರಜೆಗೆ ಊರಿಗೆ ಹೋದಾಗ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ತೆರೆದೆ. ಆಳುಗಳ ಹೆಸರು ಮುಗಿದ ಮೇಲೆ, ಕಡೆಯ ಪುಟದಲ್ಲಿ, ತಂದೆಯವರ ದುಂಡು ಅಕ್ಷರದಲ್ಲಿ ಎರಡು ಸಾಲುಗಳಿದ್ದವು: 'ಒಬ್ಬರೇ', 'ಮೂಟೆ'. ಒಂದೊಂದರ ಮುಂದೆಯೂ ದಿನದಿನದ ಗಾಳಿಯ ಲೆಕ್ಕ.