ಮಷೀನಿಗೆ ದುಡ್ಡು ಸಿಗುತ್ತದೆ, ಫಿಲ್ಟರಿಗೆ ಸಿಗುವುದಿಲ್ಲ

ಆಫ್ರಿಕಾದ ಬಂದರುಗಳಲ್ಲಿ ಲಂಗರು ಹಾಕಿ ಬಡವರಿಗೆ ಪುಕ್ಕಟೆ ಆಪರೇಷನ್ ಮಾಡುವ ‘ಗ್ಲೋಬಲ್ ಮರ್ಸಿ’ ಎಂಬ ಹಡಗಿದೆ. ಆರು ಥಿಯೇಟರು, 199 ಹಾಸಿಗೆ. ನಮ್ಮಲ್ಲಿ 1991ರಿಂದ ‘ಲೈಫ್‌ಲೈನ್ ಎಕ್ಸ್‌ಪ್ರೆಸ್’ ರೈಲು ಇದೇ ಕೆಲಸ ಮಾಡುತ್ತಿದೆ. ರಾಯಚೂರಿಗೆ ಅತ್ತ ಕೃಷ್ಣೆ, ಇತ್ತ ತುಂಗಭದ್ರೆ ಇದ್ದರೂ ತೇಲುವುದು ತೆಪ್ಪ ಮಾತ್ರ. ನಾವು ನಾಲ್ಕೈದು ಗೆಳೆಯರು ದೇವದುರ್ಗ, ಮಾನ್ವಿ ಕಡೆಯ ಆಸ್ಪತ್ರೆಗಳಿಗೆ ಉಪಕರಣ ಕೊಡಿಸಲು ಚಂದಾ ಎತ್ತುವವರು. ಹಡಗಿನ ಮಾತು ತೆಗೆದದ್ದಕ್ಕೆ ಕಾರಣವಿದೆ. ಅದು ತನ್ನ ಕರೆಂಟನ್ನೂ ತನ್ನ ರಿಪೇರಿಯವನನ್ನೂ ಹೊತ್ತುಕೊಂಡೇ ಹೊರಡುತ್ತದೆ. ದೇವದುರ್ಗಕ್ಕೆ ಹೋಗುವ ಮಷೀನು ಒಂಟಿಯಾಗಿ ಹೋಗುತ್ತದೆ.

1. ಮೊದಲು ಪ್ಲಗ್ ಪಾಯಿಂಟ್ ನೋಡಿ.

ನಾವು ಕೊಡಿಸಿದ ಮೊದಲ ಸಾಮಾನು ಹಸುಗೂಸುಗಳ ವಾರ್ಮರ್. ದುಡ್ಡು ಕೇಳಲು ಹೋದರೆ ಅಂಗಡಿಯ ಸಾಹುಕಾರರು ನಕ್ಕರು: “ಇಷ್ಟು ಬಿಸಿಲಾಗ ಕೂಸಿಗೆ ಹೀಟರ್ ಯಾಕ್ರಿ?” ಹೊರಗೆ ನಲವತ್ತು ಡಿಗ್ರಿ ದಾಟಿದ್ದರೂ ತೂಕ ಕಡಿಮೆಯ ಕೂಸಿಗೆ ಫ್ಯಾನಿನ ಗಾಳಿಗೇ ಮೈ ತಣ್ಣಗಾಗುತ್ತದೆ, 36.5 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಎಂದು ಬಿಡಿಸಿ ಹೇಳಿದ ಮೇಲೆ ಚೆಕ್ ಬರೆದರು. ತಿಂಗಳೊಪ್ಪತ್ತಿನಲ್ಲಿ ವಾರ್ಮರ್ ಬಟ್ಟೆ ಹೊದ್ದು ಮೂಲೆ ಸೇರಿತ್ತು. “ಮಷೀನ್ ಐತ್ರೀ, ಓಲ್ಟೇಜ್ ಇಲ್ರೀ” ಎಂದರು ಆಯಾ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿದು, ನಿಂತಾಗ ಎಗರಿ, ಒಳಗಿನ ಬೋರ್ಡು ಸುಟ್ಟಿತ್ತು. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಉಷ್ಣ ಸ್ಥಾವರ ನಿಂತಿದೆ! ಈಗ ನಮ್ಮ ಅಂದಾಜು ಪಟ್ಟಿ ಸ್ಟೆಬಿಲೈಜರ್, ಅರ್ಥಿಂಗ್, ಯುಪಿಎಸ್‌ನಿಂದ ಶುರುವಾಗುತ್ತದೆ. ಮಷೀನು ಕೊನೆಯ ಸಾಲು.

2. ಫಿಲ್ಟರಿಗೆ ದಾನಿ ಹುಟ್ಟಿಲ್ಲ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಕೊಡಿಸುತ್ತೇವೆಂದು ಫೋನು ಮಾಡಿದವರಿಗೆ ಲೆಕ್ಕವಿಲ್ಲ. ವರ್ಷದ ಮೇಲೆ ಒಂದನ್ನು ಬಿಚ್ಚಿದೆವು. ಗಾಳಿ ಎಳೆಯುವ ಕಡೆಯ ಸ್ಪಂಜಿನ ಫಿಲ್ಟರು ಎರೆಮಣ್ಣಿನ ಧೂಳು, ಹತ್ತಿಯ ಎಳೆ ಸೇರಿ ಹಳೇ ದೀಪದ ಬತ್ತಿಯಂತಾಗಿತ್ತು. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿದ್ದರೆ ಸಾಕಿತ್ತು. ಒಳಗಿನ ಜಿಯೋಲೈಟ್ ಹರಳು ತೇವ ಹೀರಿ ಸೋತರೆ, ಶೇ. 90ರ ಮೇಲಿರಬೇಕಾದ ಆಕ್ಸಿಜನ್ ಕೆಳಗಿಳಿಯುತ್ತದೆ. ಮಷೀನು ಮಾತ್ರ ಮೊದಲಿನಂತೆಯೇ ಗುರ್‌ಗುಡುತ್ತಿರುತ್ತದೆ. ಮಾನಿಟರಿನ ಕತೆಯೂ ಇಷ್ಟೇ. ಬೆರಳಿಗೆ ಹಾಕುವ ಪ್ರೋಬಿನ ವೈರು ಮುರಿದರೆ ಲಕ್ಷದ ಮಷೀನು ಗಡಿಯಾರವಾಗುತ್ತದೆ. ಈಗ ಎತ್ತಿದ ದುಡ್ಡಿನಲ್ಲಿ ಫಿಲ್ಟರು, ವೈರುಗಳಿಗೆಂದು ಕಾಲುಪಾಲು ತೆಗೆದಿಟ್ಟೇ ಖರೀದಿಗೆ ಹೋಗುತ್ತೇವೆ. ದಾನಿಗಳಿಗೆ ಇದು ರುಚಿಸುವುದಿಲ್ಲ. ರುಚಿಸದಿದ್ದರೆ ಬಿಡಲಿ.

3. ಸುಗ್ಗಿ ನೋಡಿ ಕೈಚಾಚಿ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆಯ ನೀರು, ರಾಯಚೂರಲ್ಲಿ ಹತ್ತಿ ವ್ಯಾಪಾರ. ಗಂಜ್‌ನಲ್ಲಿ ಆವಕ ಜೋರಿದ್ದಾಗ ಹೋದರೆ ಮಾತಿಗೆ ಬೆಲೆ. ಜೂನಿನಲ್ಲಿ ಬೀಜ-ಗೊಬ್ಬರದ ಚಿಂತೆಯಲ್ಲಿದ್ದವರ ಮುಂದೆ ರಸೀದಿ ಪುಸ್ತಕ ಹಿಡಿಯುವುದು ಅಸಭ್ಯತನ. ರೈಸ್‌ಮಿಲ್ಲಿನವರೊಬ್ಬರು ದುಡ್ಡಿನ ಬದಲು ಅಕ್ಕಿ ಕೊಟ್ಟರು. ಮಾರಿ ಸಿರಿಂಜ್ ಪಂಪ್ ತಂದೆವು.

4. ಪುಕ್ಕಟೆ ಸಿಕ್ಕಿತೆಂದು ಸ್ಕ್ಯಾನಿಂಗ್ ಮಷೀನು ತರಬೇಡಿ.

ಪರಿಚಯದವರೊಬ್ಬರು ಬೆಂಗಳೂರಿನಿಂದ ಹಳೇ ಅಲ್ಟ್ರಾಸೌಂಡ್ ಕಳಿಸುತ್ತೇನೆಂದಾಗ ನಾವು ಕುಣಿದಾಡಿದ್ದೆವು. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲಿ ಬಿಟ್ಟು ಅದನ್ನು ಬೇರೆಲ್ಲೂ ಇಡುವಂತಿಲ್ಲ. ಗಾಡಿಗೆ ಹೇರುವ ಮೊದಲೇ ಒಬ್ಬ ಡಾಕ್ಟರು ಬೈದು ನಿಲ್ಲಿಸಿದರು. ಅವರಿಗೆ ಋಣಿ. ಎಕ್ಸ್‌ರೇಗೂ ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು.

5. ಸಿಎಸ್‌ಆರ್ ದುಡ್ಡಿಗೆ ತಾಳ್ಮೆ ಬೇಕು.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪಡೆಯುವ ಸಂಸ್ಥೆಗೆ ನೋಂದಣಿ, ಆಡಿಟ್, ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ ಎಲ್ಲ ಇರಬೇಕು. ನಮ್ಮದು ಗೆಳೆಯರ ಗುಂಪು; ಪ್ರತಿ ಸಲ ಯಾವುದಾದರೂ ಟ್ರಸ್ಟಿನ ಬೆನ್ನು ಹತ್ತುತ್ತೇವೆ.

6. ಪಟ್ಟಿಯನ್ನು ನರ್ಸಿನ ಹತ್ತಿರ ಬರೆಸಿ.

ಡಾಕ್ಟರು ಬರೆದ ಪಟ್ಟಿಯಲ್ಲಿ ವೆಂಟಿಲೇಟರ್ ಇರುತ್ತದೆ. ಅದನ್ನು ನಡೆಸುವವರು ಯಾರು ಎಂದರೆ ಮೌನ. ಒಮ್ಮೆ ರಾತ್ರಿ ಪಾಳಿಯ ಸಿಸ್ಟರೊಬ್ಬರಿಗೆ ಹಾಳೆ ಕೊಟ್ಟೆವು. ಔಷಧದ ಡಬ್ಬಿ ಮೇಲಿಟ್ಟುಕೊಂಡು ನಿಂತೇ ಬರೆದರು: ಪ್ರೋಬ್ 2, ಕೂಸಿನ ಬಿಪಿ ಕಫ್ 3, ಟಾರ್ಚ್ 1. ಹಾಳೆ ವಾಪಸು ಕೊಡುವಾಗ ಮತ್ತೆ ಕಸಿದುಕೊಂಡು ಕೆಳಗೆ ಇನ್ನೊಂದು ಸೇರಿಸಿದರು: ಕುರ್ಚಿ 1. ಅದನ್ನು ಮರುದಿನವೇ ರಾಯಚೂರಿನಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದೆವು.