ಮೈದಾನದ ಫೀಸು ಯಾರಿಗಾಗಿ?

ದೊಡ್ಡ ವಸತಿ ಶಾಲೆಗಳ ಪ್ರಾಸ್ಪೆಕ್ಟಸ್‌ಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಈಜುಕೊಳ, ಕುದುರೆ, ಟೆನಿಸ್ ಅಂಕಣ, ಕಪ್ ಹಿಡಿದು ನಿಂತ ಹನ್ನೊಂದು ಹುಡುಗರು. ಗ್ರಂಥಾಲಯದ ಚಿತ್ರ ಹಿಂದಿನ ಪುಟಗಳಲ್ಲೆಲ್ಲೋ ಇರುತ್ತದೆ. ಇದಕ್ಕೆ ಚರಿತ್ರೆಯ ಕಾರಣವಿದೆ. ಊಟಿ ಪಕ್ಕದ ಲವ್‌ಡೇಲ್‌ನ ಲಾರೆನ್ಸ್ ಶಾಲೆ 1858ರದು, ಅಜ್ಮೀರದ ಮೇಯೋ ಕಾಲೇಜು 1875ರದು, ಡೆಹ್ರಾಡೂನಿನ ಡೂನ್ ಶಾಲೆ 1935ರದು. ಮೂರರಲ್ಲೂ ಕಾಣುವುದು ಇಂಗ್ಲೆಂಡಿನ ಸಿರಿವಂತರ ಶಾಲೆಗಳ ಮಾದರಿ: ಬೆಳಿಗ್ಗೆ ಪಾಠ, ಸಂಜೆ ಕಡ್ಡಾಯ ಆಟ, ಹೌಸ್‌ಗಳ ನಡುವೆ ಪೈಪೋಟಿ. ಆಮೇಲೆ ಹುಟ್ಟಿದ ಖಾಸಗಿ ವಸತಿ ಶಾಲೆಗಳಲ್ಲಿ ಹೆಚ್ಚಿನವು ಅದನ್ನೇ ನಕಲು ಮಾಡಿದವು. ಹಾಗಾಗಿ ಓದಿನಲ್ಲಿ ಚುರುಕು, ಆಟದಲ್ಲಿ ಅಷ್ಟಕ್ಕಷ್ಟೆ ಎನ್ನುವಂಥ ಮಗುವಿನ ತಂದೆತಾಯಿ ಇಂಥ ಶಾಲೆಗೆ ಚೆಕ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು, ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಅಲ್ಲಿ ಕೊಡುವ ದುಡ್ಡಿನಲ್ಲಿ ನಮ್ಮ ಮಗುವಿನ ಪಾಲಿಗೆ ಬರುವುದೆಷ್ಟು ಎಂದು.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ ಐದು ಲಕ್ಷ ರೂಪಾಯಿ ಕೇಳುವ ವಸತಿ ಶಾಲೆ ಎಂದಿಟ್ಟುಕೊಳ್ಳಿ. ಅದೇ ಮಟ್ಟದ ಪಾಠ ನಿಮ್ಮೂರಿನಲ್ಲೋ ತಾಲ್ಲೂಕು ಕೇಂದ್ರದಲ್ಲೋ ಒಂದು ಲಕ್ಷಕ್ಕೆ ಸಿಗುತ್ತದೆ. ಮಗು ಮನೆಯಲ್ಲಿಲ್ಲದ್ದರಿಂದ ಊಟ, ವ್ಯಾನು, ಟ್ಯೂಷನ್ ಸೇರಿ ಎಪ್ಪತ್ತು ಸಾವಿರ ಉಳಿಯುತ್ತದೆ. ಬಾಕಿ 3.3 ಲಕ್ಷ ನೀವು ಕಟ್ಟುತ್ತಿರುವುದು ಪಾಠಕ್ಕಲ್ಲ, ಪಾಠ ಮುಗಿದ ಮೇಲಿನ ಹೊತ್ತಿಗೆ. ವರ್ಷಕ್ಕೆ 220 ದಿನ ಹಾಸ್ಟೆಲ್‌ನಲ್ಲಿದ್ದರೆ ದಿನಕ್ಕೆ 1,500 ರೂಪಾಯಿ. ತರಗತಿಯ ಹೊರಗೆ ಎಚ್ಚರವಿರುವ ಏಳು ಗಂಟೆಗೆ ಹಂಚಿದರೆ ಗಂಟೆಗೆ ಇನ್ನೂರಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಎರಡು ಗಂಟೆ ಮೈದಾನದಂಚಿನಲ್ಲಿ ಬದಲಿ ಆಟಗಾರನಾಗಿ ಕೂತು ಕಳೆದರೆ ವರ್ಷಕ್ಕೆ ತೊಂಬತ್ತು ಸಾವಿರದ ಮೇಲೆ ಅಲ್ಲಿಯೇ ಹೋಯಿತು. ಫೀಸು ವರ್ಷಕ್ಕೆ ಶೇ 10ರಂತೆ ಏರಿ, ಉಳಿದ ಖರ್ಚೂ ಅದೇ ಪ್ರಮಾಣದಲ್ಲಿ ಏರಿದರೆ, ಆರನೇ ತರಗತಿಯಿಂದ ಹನ್ನೆರಡರವರೆಗೆ ಈ ಹೆಚ್ಚುವರಿ ಮೊತ್ತವೊಂದೇ 31 ಲಕ್ಷ ದಾಟುತ್ತದೆ. ನಿಮ್ಮ ಶಾಲೆಯ ಅಂಕಿಗಳನ್ನು ಹಾಕಿ ನೋಡಿ, ಉತ್ತರ ಬೇರೆ ಬರಬಹುದು. ಆದರೆ ಲೆಕ್ಕ ಹಾಕುವ ಬಗೆ ಇದೇ.

ಇಷ್ಟು ಕೊಟ್ಟರೂ ಫಲ ಇದ್ದರೆ ಸರಿ ಎನ್ನುವವರಿಗೆ ಒಂದಿಷ್ಟು ಪುರಾವೆ. ಪ್ಯಾರಿಸ್ಸಿನಿಂದ ಪೂರ್ವಕ್ಕಿರುವ ಸೂರ್ದನ್ ಎಂಬಲ್ಲಿ ಫ್ರಾನ್ಸ್ ಸರ್ಕಾರ 2009ರಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ ವಸತಿ ಶಾಲೆಯೊಂದನ್ನು ತೆರೆದು, ಅರ್ಜಿಗಳು ಹೆಚ್ಚಾದಾಗ ಚೀಟಿ ಎತ್ತಿ ಸೀಟು ಕೊಟ್ಟಿತು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರಿಗೆ ಮೊದಲ ವರ್ಷ ಅಂಕಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಮಕ್ಕಳ ನೆಮ್ಮದಿಯೂ ಕುಸಿದಿತ್ತು. ಎರಡು ವರ್ಷವಾದ ಮೇಲೆ ಗಣಿತದಲ್ಲಿ ಒಳ್ಳೆಯ ಏರಿಕೆ ಕಂಡಿತು, ಅದೂ ಮುಖ್ಯವಾಗಿ ಮೊದಲೇ ಓದಿನಲ್ಲಿ ಮುಂದಿದ್ದವರಲ್ಲಿ. ವಾಷಿಂಗ್ಟನ್ನಿನ ಸೀಡ್ ಶಾಲೆಯೂ ಇಂಥದ್ದೇ. ರೋಲ್ಯಾಂಡ್ ಫ್ರೈಯರ್ ಮತ್ತು ವಿಲ್ಸಾ ಕರ್ಟೋ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಮಕ್ಕಳ ಕಲಿಕೆ ಗಣನೀಯವಾಗಿ ಸುಧಾರಿಸಿತ್ತು, ಹೆಚ್ಚಿನ ಲಾಭ ಹುಡುಗಿಯರಿಗೆ. ಇನ್ನೊಂದು ಕಡೆ, 2021ರಲ್ಲಿ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮತ್ತು ಸಂಗಡಿಗರು ಬಾಸ್ಟನ್, ನ್ಯೂಯಾರ್ಕ್‌ಗಳ ಹೆಸರಾಂತ ಪ್ರವೇಶ ಪರೀಕ್ಷೆಯ ಶಾಲೆಗಳನ್ನು ನೋಡಿದರು. ಅವು ವಸತಿ ಶಾಲೆಗಳಲ್ಲ, ಆದರೂ ಪ್ರತಿಷ್ಠೆಯ ಬೆಲೆ ತಿಳಿಯಲು ಉಪಯೋಗಕ್ಕೆ ಬರುತ್ತವೆ. ಕಟ್‌ಆಫ್‌ಗಿಂತ ಒಂದೆರಡು ಅಂಕ ಮೇಲೆ ಬಂದು ಸೀಟು ಪಡೆದವರಿಗೂ ಒಂದೆರಡು ಅಂಕ ಕೆಳಗಿದ್ದು ಬೇರೆ ಕಡೆ ಓದಿದವರಿಗೂ ಮುಂದಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇದು: ಮನೆಯಲ್ಲಿ ಓದಲು ಜಾಗವಿಲ್ಲದ, ಹೇಳಿಕೊಡುವವರಿಲ್ಲದ ಮಗುವಿಗೆ ವಸತಿ ಶಾಲೆ ನಿಜವಾಗಿ ನೆರವಾಗುತ್ತದೆ. ಓದುವ ಕೋಣೆ, ಪುಸ್ತಕ, ಓದಿದ ಅಪ್ಪ ಅಮ್ಮ ಇರುವ ಮನೆಯ ಮಗುವಿಗೆ ಬರೀ ಹೆಸರಿಗಾಗಿ 31 ಲಕ್ಷ ಸುರಿಯಲು ಆಧಾರ ತೀರ ತೆಳು.

ಹಾಗಾದರೆ ಎಲ್ಲಿ ಅರ್ಜಿ ಹಾಕಬೇಕು? ಸೀಟು ಕೊಡುವಾಗ ಆಟ ನೋಡದೆ ಓದು ನೋಡುವ, ಫೀಸು ಕೇಳದ ಶಾಲೆಗಳಿಂದ ಶುರುಮಾಡಿ. ಅವುಗಳಲ್ಲಿ ಮೊದಲನೆಯದು ಜವಾಹರ್ ನವೋದಯ ವಿದ್ಯಾಲಯ. ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಪರೀಕ್ಷೆ ಎರಡು ಗಂಟೆ, 100 ಅಂಕ. ಅದರಲ್ಲಿ ಅರ್ಧ ಬೌದ್ಧಿಕ ಸಾಮರ್ಥ್ಯಕ್ಕೆ, ಉಳಿದರ್ಧ ಅಂಕಗಣಿತ ಮತ್ತು ಭಾಷೆಗೆ, ಕನ್ನಡದಲ್ಲೇ ಬರೆಯಬಹುದು. ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. ಒಂಬತ್ತರಿಂದ ಮೇಲೆ ಮಾತ್ರ ಕೆಲವರಿಂದ ತಿಂಗಳಿಗೆ ಕೆಲವು ನೂರು ರೂಪಾಯಿಯ ವಿಕಾಸ ನಿಧಿ ಪಡೆಯುತ್ತಾರೆ, ಸರ್ಕಾರಿ ನೌಕರರ ಮಕ್ಕಳಿಗೆ ಅದು ಹೆಚ್ಚು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ. ಶೇ 75 ಸೀಟು ಹಳ್ಳಿಯ ಮಕ್ಕಳಿಗೆ ಮೀಸಲು. ಇಲ್ಲೊಂದು ಎಚ್ಚರಿಕೆ: ಈ ಮೀಸಲು ಸಿಗಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಒಳ್ಳೆಯ ಇಂಗ್ಲಿಷ್ ಸಿಗಲಿ ಎಂದು ನಾಲ್ಕನೇ ತರಗತಿಗೆ ಮಗುವನ್ನು ಪೇಟೆಗೆ ಕಳಿಸುವವರು ತಿಳಿಯದೆಯೇ ಈ ಬಾಗಿಲು ಮುಚ್ಚಿಬಿಡುತ್ತಾರೆ. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಐದನೇ ತರಗತಿಯ ಮಕ್ಕಳಿಗೆ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಆದಾಯ ಮಿತಿ ನೋಡಿಕೊಳ್ಳಬೇಕು. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯೂ ಪರೀಕ್ಷೆಯ ಮೇಲೆ ಆರಿಸಿಕೊಂಡು ಉಚಿತವಾಗಿ ಓದಿಸುತ್ತದೆ.

ಸೈನಿಕ ಶಾಲೆಯ ವಿಷಯ ಬೇರೆಯೇ. ವಿಜಯಪುರದ್ದು 1963ರಿಂದ ಇದೆ, ಕೊಡಗಿನದು 2007ರಿಂದ. ಆರನೇ ತರಗತಿಯ ಪರೀಕ್ಷೆಯ 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು, ಆಮೇಲೆ ವೈದ್ಯಕೀಯ ತಪಾಸಣೆ. ಓಟದ ಪರೀಕ್ಷೆ ಇಲ್ಲ. ಗಣಿತ ಬಲ್ಲ ಮಗುವಿನ ಮನೆಯವರಿಗೆ ಇದು ನಮ್ಮದೇ ಶಾಲೆ ಎನ್ನಿಸುವುದು ಸಹಜ. ಆದರೆ ಶಾಲೆಯ ಉದ್ದೇಶ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಕೆಡೆಟ್‌ಗಳನ್ನು ಸಿದ್ಧಮಾಡುವುದು. ಪಿ.ಟಿ., ಡ್ರಿಲ್, ಕ್ರಾಸ್‌ಕಂಟ್ರಿ ಅಲ್ಲಿನ ದಿನಚರಿಯ ಬೆನ್ನೆಲುಬು. ವರ್ಷಕ್ಕೆ ಲಕ್ಷ ದಾಟುವ ಫೀಸಿಗೆ ವಿದ್ಯಾರ್ಥಿವೇತನ ಸಿಗಬಹುದು, ನಿಜ. ಸೇನೆಗೆ ಹೋಗುವ ಹಂಬಲ ಮಗುವಿಗೇ ಇದ್ದರೆ ಧಾರಾಳವಾಗಿ ಹಾಕಿ, ಮೈ ಅಲ್ಲಿಯೇ ಪಳಗುತ್ತದೆ. ಹಂಬಲ ಅಪ್ಪನದ್ದು ಮಾತ್ರ ಆಗಿದ್ದರೆ ಬೇಡ.

ಮಕ್ಕಳಿಗೆ ಆಟ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ನವೋದಯದಲ್ಲೂ ಬೆಳಿಗ್ಗೆ ಪಿ.ಟಿ. ಇದೆ, ಸಂಜೆ ಆಟವಿದೆ. ನನ್ನ ತಕರಾರು ವ್ಯಾಯಾಮದ ಬಗ್ಗೆ ಅಲ್ಲ, ಶಾಲೆಯ ಮರ್ಯಾದೆಯೆಲ್ಲ ಹನ್ನೊಂದು ಜನರ ತಂಡಕ್ಕೆ ಮೀಸಲಾಗುವುದರ ಬಗ್ಗೆ. ಮದನಪಲ್ಲಿಯ ರಿಷಿ ವ್ಯಾಲಿಯಂಥ ಕೃಷ್ಣಮೂರ್ತಿ ಪ್ರತಿಷ್ಠಾನದ ಶಾಲೆಗಳಲ್ಲಿ ಆಟವಿದ್ದರೂ ಬಹುಮಾನ, ಪೈಪೋಟಿಗೆ ಒತ್ತು ಇಲ್ಲ. ಬೇರೆ ಬಗೆಯ ಶಾಲೆ ಸಾಧ್ಯ ಎಂಬುದಕ್ಕೆ ಅಷ್ಟು ಸಾಕು. ಉಚಿತ ಶಾಲೆ ಎಂದರೆ ಕಳಪೆ ಎಂಬ ಇನ್ನೊಂದು ಮಾತಿಗೆ ಸಿಬಿಎಸ್‌ಇ ಫಲಿತಾಂಶವೇ ಉತ್ತರ. ವರ್ಷ ವರ್ಷವೂ ನವೋದಯಗಳು ಮುಂದಿನ ಸಾಲಿನಲ್ಲೇ ಇರುತ್ತವೆ. ಪರೀಕ್ಷೆ ಬರೆಸಿ ಆರಿಸಿಕೊಂಡ ಮಕ್ಕಳು ಚೆನ್ನಾಗಿಯೇ ಓದುತ್ತಾರೆ ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಆದರೆ ಆ ಮಾತು ದುಬಾರಿ ಶಾಲೆಗಳಿಗೂ ಅಷ್ಟೇ ಸಲ್ಲುತ್ತದೆ. ಗಟ್ಟಿ ಆಕ್ಷೇಪ ಒಂದೇ: ಸೀಟು ಕಡಿಮೆ, ಸಿಗದಿದ್ದರೆ? ಆಗ ಊರ ಶಾಲೆಯೇ ಎರಡನೇ ಆಯ್ಕೆ, ಖಾಸಗಿ ವಸತಿ ಶಾಲೆ ಮೂರನೆಯದು. ತಂದೆತಾಯಿ ಪದೇ ಪದೇ ವರ್ಗಾವಣೆಯಾಗುವ ಕೆಲಸದಲ್ಲಿದ್ದರೆ, ಅಥವಾ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ, ಈ ಕ್ರಮ ತಿರುಗಬಹುದು. ಅಂಥವರಿಗೆ ಆ 3.3 ಲಕ್ಷ ಆಟಕ್ಕೆ ಕೊಟ್ಟದ್ದಲ್ಲ, ಆಸರೆಗೆ ಕೊಟ್ಟದ್ದು.

ಖಾಸಗಿ ಶಾಲೆಯನ್ನೇ ಆರಿಸುವವರು ಪ್ರಾಸ್ಪೆಕ್ಟಸ್ ಬದಿಗಿಟ್ಟು ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗಿನ ಟೈಮ್‌ಟೇಬಲ್ ಕೇಳಿ ಪಡೆಯಬೇಕು. ಗ್ರಂಥಾಲಯ ಎಷ್ಟು ಗಂಟೆಗೆ ಬೀಗ ಹಾಕುತ್ತದೆ, ಪ್ರಯೋಗಾಲಯ ಸಂಜೆ ತೆರೆದಿರುತ್ತದೆಯೇ, ಸಂಗೀತಕ್ಕೆ ಕಾಯಂ ಮೇಷ್ಟ್ರು ಇದ್ದಾರೆಯೇ, ಆಟದ ಬದಲು ನಾಟಕವನ್ನೋ ತೋಟದ ಕೆಲಸವನ್ನೋ ಆರಿಸಬಹುದೇ ಎಂದು ಕೇಳಿ. ಅರ್ಜಿಯ ಕ್ರೀಡೆಯ ಕಾಲಂ ತುಂಬಿಸಲೆಂದು ಆರು ತಿಂಗಳ ಕರಾಟೆ, ಸ್ಕೇಟಿಂಗ್‌ಗೆ ದುಡ್ಡು ಸುರಿಯಬೇಡಿ. ಸಂದರ್ಶಕರು ಎರಡು ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಹುಳು ಹುಪ್ಪಟೆ ನೋಡುತ್ತಾ ಕೂರುವ ಮಗು ಅದನ್ನೇ ಹೇಳಲಿ. ರಿಯಾಯಿತಿ ಕೇಳುವಾಗಲೂ ಕ್ರೀಡಾ ಕೋಟಾ ಬಿಟ್ಟು, ಓದಿನ ಮೇಲೆ ಅಥವಾ ಆದಾಯದ ಮೇಲೆ ಕೊಡುವ ವಿದ್ಯಾರ್ಥಿವೇತನ ಇದೆಯೇ ಎಂದು ವಿಚಾರಿಸಿ. ಡೂನ್‌ನಂಥ ಶಾಲೆಗಳಲ್ಲೂ ಆದಾಯ ನೋಡಿ ಕೊಡುವ ನೆರವಿದೆ. ಸೂರ್ದನ್ನಿನ ಮಕ್ಕಳಿಗೆ ಮೊದಲ ವರ್ಷ ಕಷ್ಟವಾಗಿತ್ತು. ನಿಮ್ಮ ಮಗು ಮಧ್ಯದಲ್ಲೇ ವಾಪಸು ಬಂದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಡ್ಡಿಯಿಲ್ಲದೆ ಏಳು ವರ್ಷ ಶಾಲೆಯಲ್ಲಿ ಕೂರುವ ಒಂದು ಲಕ್ಷದ ಡೆಪಾಸಿಟ್, ಶೇ 7ರ ಲೆಕ್ಕದಲ್ಲಿ, ಅರವತ್ತು ಸಾವಿರದ ನಷ್ಟ. ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ: ಹಳೆಯ ತೆರಿಗೆ ಪದ್ಧತಿಯಲ್ಲಿ 1.5 ಲಕ್ಷದ ಮಿತಿಯೊಳಗೆ ವಿನಾಯಿತಿ ಸಿಗುವುದು ಅದಕ್ಕೆ ಮಾತ್ರ, ಹಾಸ್ಟೆಲ್ಲಿಗೂ ಡೊನೇಷನ್ನಿಗೂ ಇಲ್ಲ.

ಮನೆಯಲ್ಲಿ ಐದನೇ ತರಗತಿಯ ಮಗುವಿದ್ದರೆ ಮಳೆಗಾಲದಲ್ಲೇ ನವೋದಯದ ಅಧಿಸೂಚನೆಯ ಮೇಲೆ ಕಣ್ಣಿಡಿ. ಅರ್ಜಿಗೆ ಶುಲ್ಕವಿಲ್ಲ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು.