ಗೋಡೆಯಿಲ್ಲದ ಮನೆ: ಸಮೋವಾದ ಕಡಲತಡಿಯ ಕುಟೀರಗಳು

ರಜೆಯ ನಾಲ್ಕು ದಿನಗಳನ್ನು ಕಡಲತಡಿಯಲ್ಲಿ ಕಳೆಯಬೇಕೆಂಬ ಆಸೆ ಇಂದು ಲೋಕದಲ್ಲೆಲ್ಲ ಬೆಳೆದಿದೆ. ಆ ಆಸೆಯನ್ನು ಪೂರೈಸುವುದಕ್ಕಾಗಿ ದೇಶದೇಶಗಳ ತೀರದಲ್ಲಿ ವಿಹಾರಧಾಮಗಳು ಎದ್ದಿವೆ. ಅವುಗಳಲ್ಲಿ ಹಲವು ತಮ್ಮ ಕುಟೀರಗಳು ದೇಶೀಯ ಮಾದರಿಯವೆಂದೂ ಪರಿಸರಸ್ನೇಹಿಯಾದುವೆಂದೂ ಹೇಳಿಕೊಳ್ಳುತ್ತವೆ. ಸೋಗೆಯ ಮಾಡು, ಮರದ ಕಂಬ, ಚಾಪೆಯ ನೆಲ, ಇಷ್ಟಿದ್ದ ಮಾತ್ರಕ್ಕೆ ಆ ಹೆಸರು ಸಲ್ಲುವುದೇ? ಒಂದು ಕುಟೀರವು ತಾನು ನಿಂತ ನೆಲಕ್ಕೆ ನಿಜವಾಗಿ ಸೇರಿದ್ದೆಂದು ಹೇಳಬೇಕಾದರೆ ಅದರಲ್ಲಿ ಮತ್ತೇನಿರಬೇಕು? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನಿದರ್ಶನವನ್ನು ಹತ್ತಿರದಿಂದ ನೋಡುವುದು ಲೇಸು. ಅದಕ್ಕೆ ಶಾಂತಸಾಗರದ ನಡುವಿರುವ ಸಮೋವಾ ದೇಶವು ಬಹಳ ತಕ್ಕುದಾಗಿದೆ.

ದೇಶದ ಪರಿಚಯ

ಆಂಗ್ಲ ಸಾಹಿತ್ಯವನ್ನು ಓದುವ ನಮ್ಮ ವಿದ್ಯಾರ್ಥಿಮಿತ್ರರಿಗೆ ಸಮೋವಾ ತೀರ ಅಪರಿಚಿತವೇನೂ ಅಲ್ಲ. 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಕೊನೆಯ ವರ್ಷಗಳನ್ನು ಕಳೆದು, 1894ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿಯೇ. ಉಪೋಲು, ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳೂ ಕೆಲವು ಕಿರುದ್ವೀಪಗಳೂ ಸೇರಿ ಆದ ನಾಡು ಅದು. ಜನಸಂಖ್ಯೆ ಸುಮಾರು 2 ಲಕ್ಷ. 1900ರಿಂದ 1914ರವರೆಗೆ ಜರ್ಮನರ ಕೈಯಲ್ಲಿಯೂ, ಆಮೇಲೆ ನ್ಯೂಜಿಲೆಂಡಿನ ಆಡಳಿತದಲ್ಲಿಯೂ ಇದ್ದು 1962ರ ಜನವರಿ 1ರಂದು ಸ್ವತಂತ್ರವಾಯಿತು. 'ಪಶ್ಚಿಮ ಸಮೋವಾ' ಎಂದಿದ್ದ ಹೆಸರು 1997ರಲ್ಲಿ 'ಸಮೋವಾ' ಎಂದಷ್ಟೇ ಆಯಿತು.

ಭೂಪಟವನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುವುದು. ನಮ್ಮ ಉಡುಪಿ ಕುಂದಾಪುರಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವಿವೆಯೋ, ಸಮೋವಾ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರವಿದೆ. ಆದುದರಿಂದ ತೆಂಗು, ಬಾಳೆ, ಹಲಸಿನ ಬಳಗದ ದೀವಿಹಲಸು, ಕೆಸು, ಇವೆಲ್ಲವೂ ಅಲ್ಲಿಯೂ ಬೆಳೆಯುತ್ತವೆ. ಸೆಕೆ, ಜಡಿಮಳೆ, ಉಪ್ಪುಗಾಳಿ ಅಲ್ಲಿಯೂ ಉಂಟು. ಇಂಥ ಹವೆಗೆ ಆ ಜನರು ಕಂಡುಕೊಂಡ ಉತ್ತರವೇ 'ಫಾಲೆ' ಎಂಬ ಮನೆ.

ಫಾಲೆಯ ರಚನೆ

ಫಾಲೆಗೆ ಗೋಡೆಗಳಿಲ್ಲ. ಕಲ್ಲಿನಿಂದ ಎತ್ತರಿಸಿದ ಜಗಲಿ, ಅದರ ಸುತ್ತ ಸಾಲಾಗಿ ನಿಂತ ಮರದ ಕಂಬಗಳು, ಮೇಲೆ ಕಡಿದಾದ ದೊಡ್ಡ ಮಾಡು, ಇವಿಷ್ಟೇ ಅದರ ಅಂಗಗಳು. ಮಾಡಿಗೆ ಕಬ್ಬಿನ ಗರಿಯನ್ನೋ ತೆಂಗಿನ ಗರಿಯನ್ನೋ ಹೊದಿಸುವರು. ನೆಲಕ್ಕೆ ನುಣ್ಣನೆಯ ಹರಳುಗಳನ್ನು ಹರವಿ ಮೇಲೆ ಕೇದಗೆಯ ಜಾತಿಯ ಗಿಡದ ಎಲೆಯಿಂದ ಹೆಣೆದ ಚಾಪೆಗಳನ್ನು ಹಾಸುವರು. ಕಂಬಗಳ ನಡುವೆ 'ಪೊಲಾ' ಎಂಬ ತೆಂಗಿನ ಗರಿಯ ತಟ್ಟಿಗಳನ್ನು ಕಟ್ಟಿರುತ್ತಾರೆ; ಮಳೆ ಬಂದಾಗ ಇಳಿಬಿಡುವುದು, ನಿಂತಾಗ ಮೇಲಕ್ಕೆಳೆಯುವುದು.

ಇದರ ಪ್ರತಿಯೊಂದು ಅಂಗಕ್ಕೂ ಕಾರಣವಿದೆ. ಗೋಡೆಯಿಲ್ಲದ್ದರಿಂದ ಕಡಲಗಾಳಿ ಮನೆಯ ಮೂಲಕ ಹಾದು ಹೋಗಿ ಸೆಕೆ ನಿಲ್ಲುವುದಿಲ್ಲ. ಮಾಡು ಕಡಿದಾದ್ದರಿಂದ ನೀರು ಬೇಗ ಜಾರಿ ಹೋಗಿ ಗರಿ ಕೊಳೆಯುವುದು ತಡವಾಗುತ್ತದೆ. ಜಗಲಿ ಎತ್ತರವಾದ್ದರಿಂದ ಮಳೆಯ ನೀರು ಒಳಗೆ ನುಗ್ಗದು. ಎಲ್ಲಕ್ಕಿಂತ ಮುಖ್ಯವಾದುದು ಮರಗಳನ್ನು ಕೂಡಿಸುವ ರೀತಿ. ಹಳೆಯ ಕ್ರಮದಲ್ಲಿ ಕಬ್ಬಿಣದ ಮೊಳೆಯೇ ಇಲ್ಲ. ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ, ನಾರು ತೆಗೆದು ಒಣಗಿಸಿ, ಊರಿನ ಹಿರಿಯರು ಕುಳಿತಲ್ಲಿಯೇ ತೊಡೆಯ ಮೇಲೆ ಹೊಸೆದು ಹೆಣೆದ 'ಆಫಾ' ಎಂಬ ಹುರಿಯಿಂದ ಕಂಬ, ತೊಲೆ, ಜಂತಿಗಳನ್ನೆಲ್ಲ ಬಿಗಿಯುವರು. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಈ ಹುರಿಗೆ ಆ ಭಯವಿಲ್ಲ. ಬಿರುಗಾಳಿ ಬೀಸಿದಾಗ ಮೊಳೆ ಹೊಡೆದ ಮರ ಸೀಳುವುದುಂಟು. ಹುರಿಯ ಕಟ್ಟು ತುಸು ಬಾಗಿ ಕೊಡುತ್ತದೆ. ಬೇಕಾದಾಗ ಕಟ್ಟು ಬಿಚ್ಚಿ, ಮರವನ್ನು ಬೇರೊಂದೆಡೆ ಸಾಗಿಸಿ ಮತ್ತೆ ಕಟ್ಟಬಹುದು. ಇಂಥ ಮನೆಗಳನ್ನು ಕಟ್ಟುವ ಕುಶಲಿಗಳಿಗೆ 'ತುಫುಂಗ' ಎಂದು ಹೆಸರು. ಸಮಾಜದಲ್ಲಿ ಅವರಿಗೆ ದೊಡ್ಡ ಗೌರವ.

ಅತಿಥಿಗಳಿಗೆ ತೆರೆದ ಬಗೆ

ಈ ಮನೆ ಪ್ರವಾಸಿಗಳ ಕುಟೀರವಾದದ್ದರ ಹಿಂದೆ ಕಷ್ಟದ ಕಥೆಯಿದೆ. 1990ರ ಫೆಬ್ರುವರಿಯಲ್ಲಿ 'ಓಫಾ' ಎಂಬ ಚಂಡಮಾರುತವೂ, 1991ರ ಡಿಸೆಂಬರಿನಲ್ಲಿ 'ವ್ಯಾಲ್' ಎಂಬ ಚಂಡಮಾರುತವೂ ದೇಶವನ್ನು ನೆಲಕ್ಕೊತ್ತಿದುವು. ತೋಟಗಳು ಮಲಗಿದುವು. ಅಳಿದುಳಿದ ಕೆಸುವಿನ ಬೆಳೆಗೆ 1993ರಲ್ಲಿ ಎಲೆಗೊಳೆಯ ರೋಗ ತಗುಲಿತು. ಕೆಸು ಆ ಜನರ ನಿತ್ಯದ ಆಹಾರವೂ ಹೌದು, ಮುಖ್ಯವಾದ ರಫ್ತು ಪದಾರ್ಥವೂ ಹೌದು. ಕೈಗೆ ಕಾಸು ಬರುವ ದಾರಿ ಮುಚ್ಚಿಹೋದಾಗ ತೀರದ ಹಲವು ಕುಟುಂಬಗಳು ತಮ್ಮಲ್ಲಿದ್ದ ಬಿಳಿಯ ಮರಳು, ಮರ, ಗರಿ, ಕೈಕೆಲಸ ಇವುಗಳನ್ನೇ ಬಂಡವಾಳವಾಗಿ ಮಾಡಿಕೊಂಡು ಚಿಕ್ಕ ಚಿಕ್ಕ ಫಾಲೆಗಳನ್ನು ಕಟ್ಟಿ ಅತಿಥಿಗಳನ್ನು ಕರೆದುವು. ಬ್ಯಾಂಕಿನ ದೊಡ್ಡ ಸಾಲವಾಗಲಿ ಹೊರನಾಡಿನ ಕಂಪನಿಯಾಗಲಿ ಇದಕ್ಕೆ ಬೇಕಾಗಲಿಲ್ಲ.

ಅತಿಥಿಯ ವಾಸವೂ ಅಷ್ಟೇ ಸರಳ. ಅಲೆ ಮುಟ್ಟುವಷ್ಟು ಹತ್ತಿರದಲ್ಲಿ ಮರದ ಅಟ್ಟದಂತಹ ಒಂದು ಫಾಲೆ. ಅದರಲ್ಲಿ ಒಂದು ಹಾಸಿಗೆ, ಒಂದು ಸೊಳ್ಳೆಪರದೆ, ಸುತ್ತಲೂ ಇಳಿಬಿಡುವ ತಟ್ಟಿ. ಸ್ನಾನದ ಮನೆ ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ಬೆಳಗಿನ ಉಪಾಹಾರವೂ ರಾತ್ರಿಯ ಊಟವೂ ಬಾಡಿಗೆಯಲ್ಲಿಯೇ ಸೇರಿರುವುದು ವಾಡಿಕೆ. ಊಟಕ್ಕೆ ಮೀನು, ದೀವಿಹಲಸು, ಕೆಸುವಿನ ಗಡ್ಡೆ. ವಿಶೇಷದ ದಿನ 'ಪಾಲುಸಾಮಿ'. ಹೆಸರು ನಮ್ಮ ಕಡೆಯದೆಂಬಂತೆ ಕೇಳಿಸಿದರೂ ಅದು ಅಲ್ಲಿಯದೇ. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲನ್ನು ಮಡಿಸಿಟ್ಟು, 'ಉಮು' ಎಂಬ ಕಾದ ಕಲ್ಲುಗಳ ಒಲೆಯಲ್ಲಿ ಬೇಯಿಸಿದ ಅಡಿಗೆ. ಪತ್ರೊಡೆಯನ್ನು ಬಲ್ಲ ನಮ್ಮ ಕರಾವಳಿಯವರಿಗೆ ಕೆಸುವಿನ ಎಲೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

ಅತಿಥಿಯೂ ಊರಿನ ಕಟ್ಟಳೆಗೆ ಒಳಗಾದವನೇ. ಸಂಜೆ ಹಳ್ಳಿಗಳಲ್ಲಿ 'ಸಾ' ಎಂಬ ಪ್ರಾರ್ಥನೆಯ ಹೊತ್ತಿದೆ. ಆಗ ದಾರಿಯಲ್ಲಿ ಓಡಾಡಬಾರದು. ಭಾನುವಾರ ದೇವರ ದಿನ. ಅಂದು ಸಮುದ್ರಸ್ನಾನವನ್ನು ಒಪ್ಪದ ಹಳ್ಳಿಗಳೂ ಉಂಟು. ಹಣ ಕೊಟ್ಟವನಿಗೆ ಊರೆಲ್ಲ ಬಾಗಬೇಕೆಂಬ ಭಾವನೆ ಅಲ್ಲಿ ನಡೆಯದು.

ನೆಲದ ಒಡೆತನ

ಹಳ್ಳಿಯವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂದಿತು? ನೆಲ ಅವರದಾಗಿರುವುದರಿಂದ. ಸಮೋವಾದ ನೆಲದಲ್ಲಿ ಸುಮಾರು 100ಕ್ಕೆ 80 ಪಾಲು ಸಂಪ್ರದಾಯದ ಕುಟುಂಬಭೂಮಿ. ಅದು ಒಬ್ಬ ವ್ಯಕ್ತಿಯ ಸೊತ್ತಲ್ಲ. 'ಆಯಿಂಗ' ಎಂಬ ಅವಿಭಕ್ತ ಬಳಗದ್ದು. ಆ ಬಳಗ ಆರಿಸಿದ 'ಮತಾಯಿ' ಎಂಬ ಯಜಮಾನನು ಎಲ್ಲರ ಪರವಾಗಿ ಅದನ್ನು ನೋಡಿಕೊಳ್ಳುತ್ತಾನೆ; ಮತಾಯಿಗಳ ಸಭೆಯಾದ 'ಫೋನೋ' ಹಳ್ಳಿಯ ಕಟ್ಟಳೆಗಳನ್ನು ಮಾಡುತ್ತದೆ. ಇಂಥ ಭೂಮಿಯನ್ನು ಮಾರಕೂಡದೆಂದು ದೇಶದ ಸಂವಿಧಾನವೇ ವಿಧಿಸಿದೆ. ಕಾನೂನಿನ ಮೇರೆಗೆ ಗೇಣಿಗೆ ಕೊಡಬಹುದಷ್ಟೇ. ಆದಕಾರಣ ಕುಟೀರದಲ್ಲಿ ತಂಗಿದವನು ಕೊಟ್ಟ ಹಣದ ಬಹುಪಾಲು ಅದೇ ಊರಿನ ಮೀನುಗಾರ, ಅಡಿಗೆಯವಳು, ಚಾಪೆ ಹೆಣೆಯುವವಳು ಇವರಲ್ಲಿಯೇ ತಿರುಗಾಡುವುದು. ಪರಿಸರಸ್ನೇಹವೆಂಬುದರಲ್ಲಿ ಮರಗಿಡಗಳೊಡನೆ ಮನುಷ್ಯರನ್ನೂ ಎಣಿಸುವುದಾದರೆ, ಈ ಅಂಶವನ್ನು ಸೋಗೆಗಿಂತ ಮೊದಲು ಹೇಳಬೇಕು.

ಎಲ್ಲವೂ ಹೊನ್ನೆಂದು ಹೇಳುವುದು ಸರಿಯಲ್ಲ. ಗರಿಯ ಮಾಡನ್ನು ಕೆಲವು ವರ್ಷಗಳಿಗೊಮ್ಮೆ ಹೊದಿಸಬೇಕಾದ್ದರಿಂದ ಬಹಳ ಕಡೆ ತಗಡಿನ ಮಾಡು ಬಂದಿದೆ. ಬಿಸಿಲಿಗೆ ಅದು ಕಾಯುತ್ತದೆ. ಮರಳಿನ ನೆಲದಲ್ಲಿ ಪಾಯಿಖಾನೆಯ ಗುಂಡಿ ಸರಿಯಾಗಿಲ್ಲದಿದ್ದರೆ ಕೊಳಚೆ ಸೋಸಿಹೋಗದೆ ಕಡಲಿಗೆ ಇಳಿಯುವುದು. ಆ ಕೊಳಚೆಯ ಸಾರದಿಂದ ಪಾಚಿ ಹೆಚ್ಚಿ ಹವಳವನ್ನು ಮುಚ್ಚುವುದು. ಹವಳದ ದಿಬ್ಬವೇ ಅಲೆಯ ಬಲವನ್ನು ಮುರಿಯುವ ಕೋಟೆ. ಅದು ಸತ್ತರೆ ಮರಳದಂಡೆಯೂ ಕರಗುವುದು. ಮಾಡು ಸೋಗೆಯದಾಗಿದ್ದು ಗುಂಡಿ ಕೆಟ್ಟದಾಗಿದ್ದರೆ ಆ ಕುಟೀರವನ್ನು ಪರಿಸರಸ್ನೇಹಿಯೆಂದು ಕರೆಯುವಂತಿಲ್ಲ.

2009ರ ಪರೀಕ್ಷೆ

2009ರ ಸೆಪ್ಟೆಂಬರ್ 29ರ ಮುಂಜಾನೆ ಸಮೋವಾದ ದಕ್ಷಿಣದ ಕಡಲಿನಲ್ಲಿ 8.1ರ ಪ್ರಮಾಣದ ಭೂಕಂಪವಾಯಿತು. ಕೆಲವೇ ನಿಮಿಷಗಳಲ್ಲಿ ಸುನಾಮಿ ಉಪೋಲುವಿನ ಆಗ್ನೇಯ ತೀರಕ್ಕೆ ಅಪ್ಪಳಿಸಿತು. ಸಮೋವಾ ಒಂದರಲ್ಲಿಯೇ 140ಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಮಕ್ಕಳೂ ಮುದುಕರೂ ಬಹಳ. ಲಾಲೊಮಾನು, ಸಲೆಯಾಪಾಂಗ ಮೊದಲಾದ ಹಳ್ಳಿಗಳ ಮರಳದಂಡೆಯಲ್ಲಿ ಸಾಲಾಗಿ ನಿಂತಿದ್ದ ಫಾಲೆಗಳು ಕೊಚ್ಚಿಹೋದುವು.

ಈ ದುರಂತದಿಂದ ಎರಡು ವಿಷಯಗಳನ್ನು ಕಲಿಯಬೇಕು. ಮೊದಲನೆಯದು: ಹಗುರವಾದ ಮನೆಯನ್ನು ಬೇಗ ಮತ್ತೆ ಕಟ್ಟಬಹುದು, ಆದರೆ ಅದು ಒಳಗಿದ್ದವರ ಜೀವವನ್ನು ಕಾಯಲಾರದು. ಕಾಯುವುದು ಎತ್ತರಕ್ಕೆ ಹೋಗುವ ದಾರಿ, ಮತ್ತು ನೆಲ ಬಲವಾಗಿ ನಡುಗಿದೊಡನೆ ಯಾರ ಅಪ್ಪಣೆಗೂ ಕಾಯದೆ ಆ ದಾರಿಯನ್ನು ಹಿಡಿಯಬೇಕೆಂಬ ತಿಳಿವಳಿಕೆ. ಅತಿಥಿಗೆ ಇದನ್ನು ಬಂದ ದಿನವೇ ಹೇಳಿಕೊಡದ ಕುಟೀರ ಎಷ್ಟು ಚೆಲುವಾಗಿದ್ದರೂ ಅಪೂರ್ಣ. ಎರಡನೆಯದು: ಅಲ್ಲಿಯ ಹಳ್ಳಿಗಳ ಭೂಮಿ ಕಡಲಿನಿಂದ ಹಿಂದಿನ ಗುಡ್ಡದವರೆಗೆ ಹಬ್ಬಿದೆ. ಆದುದರಿಂದ ಎಷ್ಟೋ ಕುಟುಂಬಗಳು ನಿರ್ಗತಿಕರಾಗಿ ಪರವೂರಿಗೆ ಹೋಗದೆ ತಮ್ಮದೇ ತೋಟದ ನೆಲಕ್ಕೆ ಏರಿ ಮನೆ ಹೂಡಿದರು. ಕೆಲವರು ಜೀವನೋಪಾಯಕ್ಕಾಗಿ ತೀರದಲ್ಲಿ ಮತ್ತೆ ಅತಿಥಿಗಳ ಫಾಲೆಗಳನ್ನು ಎಬ್ಬಿಸಿದರು. ತಮ್ಮವರನ್ನು ನುಂಗಿದ ಕಡಲಿನೆದುರು ಮತ್ತೆ ಕಂಬ ನೆಡುವುದು ಸುಲಭದ ನಿರ್ಧಾರವಲ್ಲ. ಇರುವುದೋ ಹೋಗುವುದೋ ಎಂಬುದನ್ನು ಅವರೇ ಗೊತ್ತುಮಾಡಿದರು. ನೆಲ ಪರರದಾಗಿದ್ದರೆ ಆ ಮಾತು ಅವರದಾಗುತ್ತಿರಲಿಲ್ಲ.

ಮೂರು ಪ್ರಶ್ನೆಗಳು

ಇಷ್ಟನ್ನು ನೋಡಿದ ಮೇಲೆ ಯಾವುದೇ ಕಡಲತಡಿಯ ಕುಟೀರದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಗಳು ಮೂರೆಂದು ತೋರುತ್ತದೆ. ಇದನ್ನು ಕಟ್ಟಿದ ಸಾಮಗ್ರಿ ಎಲ್ಲಿಂದ ಬಂದಿತು, ಕೆಟ್ಟರೆ ಊರಿನವರೇ ಸರಿಮಾಡಬಲ್ಲರೇ? ಇದರ ಕೊಳಚೆ ಎಲ್ಲಿಗೆ ಹೋಗುವುದು? ನೆಲವೂ ಹಣವೂ ಯಾರ ಕೈಯಲ್ಲಿ ಉಳಿಯುವುವು? ಮೊದಲನೆಯದು ಕಣ್ಣಿಗೆ ಕಾಣುವುದು. ಜಾಹೀರಾತುಗಳು ಅದನ್ನೇ ತೋರಿಸುವುವು. ಉಳಿದೆರಡು ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು.

ನಮ್ಮ ಕರಾವಳಿಯಲ್ಲಿಯೂ ಸೋಗೆಯ ಕುಟೀರಗಳು ಎದ್ದಿವೆ. ಭಾರತ ಸರ್ಕಾರವು 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿ, 2011ರಲ್ಲಿಯೂ 2019ರಲ್ಲಿಯೂ ಅದರ ಬದಲಿಗೆ ಹೊಸವನ್ನು ತಂದಿದೆ. ಉಬ್ಬರದ ಗೆರೆಯಿಂದ ಎಷ್ಟು ದೂರದಲ್ಲಿ ಏನನ್ನು ಕಟ್ಟಬಹುದೆಂಬುದನ್ನು ಈ ಕಾನೂನು ಹೇಳುತ್ತದೆ. ಆದರೆ ಅಲ್ಲಿ ನಿನ್ನೆಯವರೆಗೆ ಬಲೆ ಒಣಗಿಸುತ್ತಿದ್ದವನು ನಾಳೆ ಎಲ್ಲಿರುವನೆಂಬುದನ್ನು ವಿಚಾರಿಸುವ ಕೆಲಸ ನಮ್ಮ ನಿಮ್ಮಂಥವರ ಮೇಲೆ ಬೀಳುತ್ತದೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ನಮ್ಮ ಮಿತ್ರರು ಬರುವ ರಜೆಯಲ್ಲಿ ಕರಾವಳಿಯ ಒಂದೊಂದು ಹಳ್ಳಿಯನ್ನು ಆರಿಸಿಕೊಂಡು ಈ ಮೂರು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ಬರೆದುಕೊಂಡು ಬಂದರೆ, ಮುಂದಿನ ವರ್ಷದ ಸಂಚಿಕೆಗೆ ಇದಕ್ಕಿಂತ ಉಪಯುಕ್ತವಾದ ಲೇಖನ ದೊರೆಯುವುದು.